ಪ್ರಥಮ ಪುರುಷ, ಏಕವಚನ

ರಾಜಾಜಿನಗರ, ಬೆಂಗಳೂರು
8 ಜುಲೈ 1956

ಅಪ್ಪಾಜಿಯವರ ಪಾದಗಳಿಗೆ ನೀಲಳ ಶರಣು.

ಅವ್ವ ಹೋಗಿ ಎರಡು ವರ್ಷವಾಯಿತು. ಆಮೇಲೆ ನಾನು ನಿಮಗೆ ಬರೆಯುತ್ತಿರುವ ಮೊದಲನೆಯ ಕಾಗದ ಇದು. ಯುಗಾದಿಗೆ ಬಂದ ಕಾರ್ಡುಗಳನ್ನು ನಿಮ್ಮ ಅಳಿಯಂದಿರು ಬರೆದು, ನನ್ನ ಹೆಸರನ್ನೂ ತಾವೇ ಸೇರಿಸಿ ಹಾಕಿದ್ದರು. ನಾನು ಯಾಕೆ ಬರೆಯಲಿಲ್ಲ ಎಂದು ನೀವೂ ಕೇಳಲಿಲ್ಲ.

ಈಗ ಬರೆಯುತ್ತಿರುವುದು ಗಂಗೆಯ ಸಲುವಾಗಿ. ಅವಳಿಗೆ ಹತ್ತು ತುಂಬಿತು. ಜೂನ್‌ನಲ್ಲಿ ಮಿಡ್ಲ್ ಸ್ಕೂಲಿಗೆ ಸೇರಿಸಿದೆವು, ಅಲ್ಲಿ ಇಂಗ್ಲಿಷ್ ಶುರುವಾಗಿದೆ. ಲೆಕ್ಕ, ಚರಿತ್ರೆ, ಕನ್ನಡ ಎಲ್ಲದರಲ್ಲೂ ಮುಂದಿದ್ದಾಳೆ. ಇಂಗ್ಲಿಷಿನಲ್ಲಿ ಮಾತ್ರ ಒಂದೇ ಕಡೆ ಎಡವುತ್ತಾಳೆ. 'ಹೀ ಗೋಸ್' ಎನ್ನಬೇಕಾದಲ್ಲಿ 'ಹೀ ಗೋ' ಎನ್ನುತ್ತಾಳೆ. 'ಶೀ ಈಟ್ಸ್' ಎನ್ನಬೇಕಾದಲ್ಲಿ 'ಶೀ ಈಟ್'. ಎಷ್ಟು ಸಲ ಹೇಳಿಕೊಟ್ಟರೂ ಅಷ್ಟೇ. ಅವಳಿಗೆ ಪಾಠ ಹೇಳುವ ವಿಮಲಮ್ಮ ಮಿಸ್ಸು ನನ್ನನ್ನು ಕರೆಸಿ, "ನೋಡೀಮ್ಮಾ, ಬುದ್ಧಿ ಇಲ್ದೇ ಇರೋ ಹುಡುಗಿ ಆಗಿದ್ರೆ ನಾನು ಬಿಟ್ಟುಬಿಡ್ತಿದ್ದೆ. ಇವಳು ಬೇಕೂಂತ ಮಾಡ್ತಾಳೆ" ಎಂದರು. ಮೂರು ದಿನ ತರಗತಿಯ ಹೊರಗೆ ನಿಲ್ಲಿಸಿದ್ದಾರೆ.

ಮಾರ್ಚ್‌ನಲ್ಲಿ ಇಂಗ್ಲಿಷ್ ಪಾಸಾಗದಿದ್ದರೆ ಅದೇ ತರಗತಿಯಲ್ಲಿ ಕೂರಬೇಕಂತೆ. ಹಾಗಾದರೆ ಸ್ಕೂಲು ಬಿಡಿಸಿಬಿಡೋಣ ಎನ್ನುತ್ತಾರೆ ನಿಮ್ಮ ಅಳಿಯಂದಿರು. ಅವರಿಗೆ ಕಾರ್ಖಾನೆಯ ಪಾಳಿ, ಕೂತು ಹೇಳಿಕೊಡಲು ಪುರುಸೊತ್ತಿಲ್ಲ. ನನಗೆ ಇಂಗ್ಲಿಷ್ ಬರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಇಪ್ಪತ್ತೆಂಟು ವರ್ಷ ಇದನ್ನೇ ಕಲಿಸಿದವರು ನೀವು. ದಾರಿ ಬರೆದು ಕಳಿಸಬೇಕು.

ನಿಮ್ಮ ಮಗಳು,
ನೀಲಮ್ಮ


ದಾವಣಗೆರೆ
14 ಜುಲೈ 1956

ಚಿ. ಸೌ. ನೀಲಮ್ಮನಿಗೆ ಆಶೀರ್ವಾದ.

ಕಾಗದ ತಲುಪಿತು. ನಾನು ಆರೋಗ್ಯವಾಗಿದ್ದೇನೆ.

ಮಗುವಿಗೆ ಸಾಮಾನ್ಯ ವರ್ತಮಾನ ಕಾಲ ತಿಳಿದಿಲ್ಲ. ಇದು ಇಂಗ್ಲಿಷಿನ ಹೊಸ್ತಿಲು. ಇಲ್ಲಿ ಎಡವಿದವರು ಒಳಗೆ ಹೋಗಲಾರರು. ಕೆಳಗಿನದನ್ನು ಅವಳ ನೋಟ್ ಪುಸ್ತಕದ ಮೊದಲ ಹಾಳೆಯಲ್ಲಿ ಬರೆಸು.

ನಮ್ಮ ಭಾಷೆಯಲ್ಲಿ ಕ್ರಿಯಾಪದ ಎಲ್ಲರಿಗೂ ಒಂದೊಂದು ಬಾಲ ಕೊಡುತ್ತದೆ. ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ. ಇಂಗ್ಲಿಷರು ಜಿಪುಣರು. ನಾನು, ನೀನು, ನಾವು, ಅವರು, ಯಾರೇ ಬಂದರೂ 'ಗೋ' ಅಷ್ಟೇ. ಪ್ರಥಮ ಪುರುಷ ಏಕವಚನಕ್ಕೆ ಮಾತ್ರ, ಅಂದರೆ ಅವನು, ಅವಳು, ಅದು ಎಂಬ ಮೂವರಿಗೆ ಮಾತ್ರ, ಕೊನೆಯಲ್ಲಿ ಒಂದು 'ಎಸ್' ಕೊಡುತ್ತಾರೆ. ದಿನವೂ ನಡೆಯುವ ಕೆಲಸಕ್ಕೂ ಎಂದೆಂದಿಗೂ ನಿಜವಾದ ಮಾತಿಗೂ ಈ ಕಾಲವನ್ನು ಬಳಸಬೇಕು. ಅಪ್ಪ ಕಾರ್ಖಾನೆಗೆ ಹೋಗುತ್ತಾನೆ; ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ. ಎರಡಕ್ಕೂ ಎಸ್ ಬೇಕು.

ಬೆಳಿಗ್ಗೆ ಎದ್ದ ಕೂಡಲೇ ಇಪ್ಪತ್ತು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿಸು. ಸಂಜೆ ಉಕ್ತಲೇಖನ ಕೊಡು. ಇವಿಷ್ಟು ಮಾಡಿದರೂ ತಪ್ಪಿದರೆ ಅದು ಅಜ್ಞಾನವಲ್ಲ, ಹಟ. ಹಟಕ್ಕೆ ಮದ್ದು ನಿನಗೆ ಗೊತ್ತು. ನೀನು ಮಾಡಿದ್ದನ್ನು ಅವಳು ಮಾಡದಿರಲಿ.

ಇಂತು,
ಶಂಭುಲಿಂಗಪ್ಪ
ನಿವೃತ್ತ ಇಂಗ್ಲಿಷ್ ಉಪಾಧ್ಯಾಯರು


ರಾಜಾಜಿನಗರ
2 ಸೆಪ್ಟೆಂಬರ್ 1956

ಅಪ್ಪಾಜಿಯವರಿಗೆ ಶರಣು.

ನೀವು ಹೇಳಿದಂತೆಯೇ ಆರು ವಾರ ಮಾಡಿಸಿದೆ. ನಿಮ್ಮ ನಿಯಮ ಗಂಗೆಗೆ ಬಾಯಿಪಾಠವಾಗಿದೆ. ಪುಸ್ತಕ ನೋಡಿ ಬರೆಯುವಾಗ ಒಂದು ಎಸ್ಸೂ ಬಿಡುವುದಿಲ್ಲ. ಉಕ್ತಲೇಖನ ಎಂದರೆ ಸಾಕು, ಎಲ್ಲ ಉದುರಿಹೋಗುತ್ತದೆ. ನನ್ನ ಉಚ್ಚಾರಣೆ ಸರಿಯಿಲ್ಲವೇನೋ ಎಂದು ಇವರಿಂದಲೂ ಹೇಳಿಸಿ ನೋಡಿದೆ. ಆಗಲೂ ಅಷ್ಟೇ.

ಗುರುವಾರ ಬೆಳಿಗ್ಗೆ ಹನ್ನೆರಡನೆಯ ಸಲ 'ಶೀ ಗೋ' ಎಂದಳು. ನಾನು ಕೆನ್ನೆಗೆ ಹೊಡೆದೆ. ಅಪ್ಪಾಜಿ, ನಾನು ಅವಳಿಗೆ ಯಾವತ್ತೂ ಹೊಡೆದವಳಲ್ಲ. ಅವಳು ಅಳಲಿಲ್ಲ. "ಅಮ್ಮಾ, ಮಿಸ್ಸು ಎರಡೂ ಒಂದೇ ಥರ ಹೇಳ್ತಾರೆ ಕಣಮ್ಮ. ನೀನೂ ಒಂದೇ ಥರ ಹೇಳ್ತೀಯ. ಯಾವುದು ಗೋ, ಯಾವುದು ಗೋಸ್ ಅಂತ ನಂಗೆ ಹೆಂಗೆ ಗೊತ್ತಾಗುತ್ತೆ?" ಎಂದಳು.

ಪಕ್ಕದ ಮನೆಯ ಮುನಿಲಕ್ಷ್ಮಮ್ಮ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದಾರೆ. ಕುರುಬರಹಳ್ಳಿಯ ಒಕ್ಕಲಿನವರು ಅವರು. ಅವರ ಹೊಲವೇ ಈಗ ನಮ್ಮ ರಸ್ತೆಯಾಗಿದೆ. ಸೊಪ್ಪು ಕೊಡುವ ನೆಪದಲ್ಲಿ ಬಂದು, "ನೀಲಮ್ಮಾ, ಬೇಜಾರ್ ಮಾಡ್ಕೋಬ್ಯಾಡ ಕಣವ್ವಾ. ಮಗೀಗೆ ಒಂದ್ಸಲ ಕಿವಿ ತೋರ್ಸು. ಮಾತಾಡೋವಾಗ ಅದು ಕಣ್ಣು ನೋಡಲ್ಲ, ಬಾಯಿ ನೋಡ್ತದೆ" ಎಂದರು.

ಕರೆದರೆ ಆಚೆ ಬೀದಿಯಿಂದಲೂ ಓಡಿಬರುವ ಹುಡುಗಿಗೆ ಕಿವಿ ಏನಾಗಿದೆ? ಆದರೂ ತೋರಿಸಲೋ ಬೇಡವೋ ಎಂದು ಯೋಚಿಸುತ್ತಿದ್ದೇನೆ.

ನಿಮ್ಮ ಮಗಳು,
ನೀಲಮ್ಮ


ದಾವಣಗೆರೆ
7 ಸೆಪ್ಟೆಂಬರ್ 1956

ಆಶೀರ್ವಾದ.

ಒಂದೇಟಿಗೆ ಮಕ್ಕಳು ಕೆಡುವುದಿಲ್ಲ. ಅದಕ್ಕಾಗಿ ಮನಸ್ಸು ಹುಳಿಮಾಡಿಕೊಳ್ಳಬೇಡ. ನೋಡಿ ಬರೆಯಲು ಬರುವವಳಿಗೆ ಕೇಳಿ ಬರೆಯಲು ಬಾರದೆಂದರೆ ಅದು ಗಮನದ ದೋಷವೇ ಹೊರತು ಕಿವಿಯದಲ್ಲ. ನನ್ನ ಕೈಕೆಳಗೆ ಎರಡು ಸಾವಿರ ಮಕ್ಕಳು ಕಲಿತಿದ್ದಾರೆ. ನೆರೆಹೊರೆಯವರ ಮಾತಿಗೆ ಆಸ್ಪತ್ರೆ ಅಲೆಯುವುದು ಬೇಡ.

ಶಂಭುಲಿಂಗಪ್ಪ


ರಾಜಾಜಿನಗರ
30 ಸೆಪ್ಟೆಂಬರ್ 1956

ಅಪ್ಪಾಜಿಯವರಿಗೆ,

ನಿಮ್ಮ ಮಾತು ಮೀರಿ ಮಂಗಳವಾರ ಗಂಗೆಯನ್ನು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಜೊತೆಗೆ ಮುನಿಲಕ್ಷ್ಮಮ್ಮನೂ ಬಂದಿದ್ದರು.

ಕಿವಿ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಮೇಜಿನ ಮೇಲೆ ಚಿಮಟದ ಹಾಗಿರುವ ಉಕ್ಕಿನ ಕವೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಇಟ್ಟಿದ್ದರು. ದೊಡ್ಡದನ್ನು ಮೊಣಕೈಗೆ ತಟ್ಟಿ ಗಂಗೆಯ ಕಿವಿಯ ಬಳಿ ಹಿಡಿದರು. "ಗುಂಯ್ ಅಂತಿದೆ" ಎಂದಳು. ಎರಡನೆಯದೂ ಕೇಳಿಸಿತು. ಕೊನೆಯ ಎರಡು ಸಣ್ಣವು. ಅವನ್ನು ಹಿಡಿದಾಗ ಸುಮ್ಮನೆ ನಿಂತಳು. ಡಾಕ್ಟರು ಮೂರು ಸಲ ತಟ್ಟಿದರು. ಮೂರು ಸಲವೂ ಇವಳು ಇಲ್ಲವೆಂದು ತಲೆಯಾಡಿಸಿದಳು. ಮಗುವನ್ನು ಸುಮ್ಮನೆ ಕೆಣಕುತ್ತಿದ್ದಾರೆ ಎಂದು ನನಗೆ ರೇಗಿತು.

"ಸಾರ್, ಅದನ್ನ ನೀವು ಸರಿಯಾಗಿ ಬಾರಿಸ್ತಾ ಇಲ್ಲ. ಸದ್ದೇ ಬರ್ತಾ ಇಲ್ಲವಲ್ಲ" ಎಂದೆ.

ಬಾಗಿಲ ಬಳಿ ನಿಂತಿದ್ದ ನರ್ಸು ತಿರುಗಿ ನನ್ನನ್ನು ನೋಡಿದಳು. ಅಷ್ಟು ದೂರದಲ್ಲಿದ್ದ ಅವಳಿಗೆ ಕೇಳಿಸಿತ್ತು. ಮುನಿಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಡಾಕ್ಟರು ಕವೆಯನ್ನು ಮೆಲ್ಲಗೆ ಕೆಳಗಿಟ್ಟು, "ಅಮ್ಮಾ, ನೀವು ಇಲ್ಲಿ ಬಂದು ಕೂತ್ಕೊಳ್ಳಿ" ಎಂದರು.

ನಾನು ಕೂತೆ. ಅವರು ಒಂದೊಂದಾಗಿ ತಟ್ಟಿ ಹಿಡಿದರು. ಮಗಳಿಗೆ ಎಲ್ಲಿಗೆ ನಿಂತಿತೋ ನನಗೂ ಅಲ್ಲಿಗೇ ನಿಂತಿತು.

"ಸಂಜೆ ಜೀರುಂಡೆ ಕೂಗೋದು ಕೇಳ್ತೀರಾ?" ಎಂದು ಕೇಳಿದರು. ಜೀರುಂಡೆ ಕಾಟ ಎಂದು ಎಲ್ಲರೂ ಹೇಳುತ್ತಾರೆ. ಅದೊಂದು ಆಡುವ ಮಾತು ಎಂದುಕೊಂಡಿದ್ದೆ. ಹೊಲದಲ್ಲಿ ನಿಜವಾಗಿ ಸದ್ದೊಂದು ಇದೆಯೆಂದು ಮೂವತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು.

ಇದು ಹುಟ್ಟಿನಿಂದ ಬಂದದ್ದಂತೆ, ನನ್ನಿಂದ ಗಂಗೆಗೆ ಬಂದಿರಬಹುದಂತೆ, ಔಷಧ ಇಲ್ಲವಂತೆ. "ದಪ್ಪ ಸದ್ದು, ಮಾತು, ಕೂಗು, ಎಲ್ಲ ಕೇಳುತ್ತೆ. ತೀರಾ ತೆಳು ಸದ್ದು ಕೇಳಲ್ಲ. ಸಕಾರ ಅಂಥದ್ದು. ಸರ, ಸೀರೆ, ಹಸು ಅಂದ್ರೆ ಅದರ ಬೆನ್ನಿಗೆ ಒಂದು ಸ್ವರ ಇರುತ್ತೆ. ಬಾಯಿ ನೋಡಿ, ಅಂದಾಜಲ್ಲಿ ನೀವು ಹಿಡ್ಕೊಳ್ತೀರಿ. ಇಂಗ್ಲಿಷಲ್ಲಿ ಪದದ ಕೊನೇಲಿ ಒಂಟಿಯಾಗಿ ಬಂದ್ರೆ ನಿಮ್ಮ ಪಾಲಿಗೆ ಅಲ್ಲಿ ಏನೂ ಇಲ್ಲ" ಎಂದರು.

ಹೊರಗೆ ಬಂದ ಮೇಲೆ ಮುನಿಲಕ್ಷ್ಮಮ್ಮ, "ನೀನೂ ಬಾಯೇ ನೋಡ್ತಿದ್ದೆ ಕಣವ್ವಾ. ನಿಮ್ಮ ದಾವಣಗೆರೆ ಕಡೆ ಹಂಗೇ ವಾಡಿಕೆ ಅಂದ್ಕೊಂಡಿದ್ದೆ" ಎಂದರು. ಇಬ್ಬರೂ ನಕ್ಕೆವು. ಬಸ್ಸಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ.

ಅಪ್ಪಾಜಿ, ಆಗ ನನಗೆ ಹನ್ನೊಂದು ವರ್ಷ. ನಿಮ್ಮ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಮೇಷ್ಟರ ಮಗಳೆಂದು ಮುಂದೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ. 'ಶೀ ಗೋಸ್ ಟು ಸ್ಕೂಲ್' ಎನ್ನುತ್ತಿದ್ದಿರಿ. ನಾನು 'ಶೀ ಗೋ ಟು ಸ್ಕೂಲ್' ಎನ್ನುತ್ತಿದ್ದೆ. 'ಇನ್ನೊಮ್ಮೆ.' ನಾನು ನಿಮ್ಮ ಬಾಯಿಯನ್ನೇ ನೋಡುತ್ತಿದ್ದೆ; ಮೀಸೆ ದಪ್ಪ, ತುಟಿ ಕಾಣುತ್ತಿರಲಿಲ್ಲ. 'ಇನ್ನೊಮ್ಮೆ.' ಬೆತ್ತದ ಏಟು ನೆನಪಿಲ್ಲ. ನಾನು ಹೇಳಿದ್ದಕ್ಕೂ ನೀವು ಹೇಳಿದ್ದಕ್ಕೂ ಏನು ವ್ಯತ್ಯಾಸ ಎಂದು ತಿಳಿಯದೆ ನಿಂತದ್ದು ನೆನಪಿದೆ. ನೀವು ಹೇಳಿದ್ದನ್ನೇ ಹೇಳುತ್ತಿದ್ದೆನಲ್ಲ. ಆ ವರ್ಷ ಮುಗಿಯುವಷ್ಟರಲ್ಲಿ, ಇವಳಿಗೆ ವಿದ್ಯೆ ಹತ್ತುವುದಿಲ್ಲ ಎಂದು ಅವ್ವನಿಗೆ ಹೇಳಿ ಸ್ಕೂಲು ಬಿಡಿಸಿದಿರಿ. ಹದಿನೈದಕ್ಕೆ ಮದುವೆಯಾಯಿತು.

ನಿಮ್ಮನ್ನು ನೋಯಿಸಲು ಇದನ್ನು ಬರೆಯಲಿಲ್ಲ. ಯಾರಿಗಾದರೂ ಹೇಳಬೇಕಿತ್ತು. ಅವ್ವ ಇಲ್ಲ.

ನೀಲ


ರಾಜಾಜಿನಗರ
11 ನವೆಂಬರ್ 1956

ಅಪ್ಪಾಜಿಯವರಿಗೆ ಶರಣು.

ದೀಪಾವಳಿಗೂ ನಿಮ್ಮಿಂದ ಒಂದು ಸಾಲು ಬರಲಿಲ್ಲ. ಆರೋಗ್ಯ ಹೇಗಿದೆಯೋ ಎಂದು ಇವರು ಕೇಳುತ್ತಿದ್ದಾರೆ.

ಡಾಕ್ಟರ ಚೀಟಿಯನ್ನು ವಿಮಲಮ್ಮ ಮಿಸ್ಸಿಗೆ ಕೊಟ್ಟೆ. ಎರಡು ಸಲ ಓದಿದರು. "ಅಯ್ಯೋ, ಹೊರಗೆ ನಿಲ್ಲಿಸಿದ್ನಲ್ಲಮ್ಮಾ" ಎಂದು ನನ್ನ ಮುಂದೆಯೇ ಗಂಗೆಯ ತಲೆ ಸವರಿದರು. ಈಗ ಮುಂದಿನ ಸಾಲಿನಲ್ಲಿ ಕೂರಿಸಿ, ಹೇಳಿದ್ದನ್ನೆಲ್ಲ ಬೋರ್ಡಿನ ಮೇಲೂ ಬರೆಯುತ್ತಾರೆ. ಆದರೆ ಪರೀಕ್ಷೆಯಲ್ಲಿ ಮಾತಾಡಿಸುವ ಭಾಗವೂ ಇದೆ. ಅದನ್ನು ಹೆಡ್‌ಮಿಸ್ಟ್ರೆಸ್ಸೇ ನಡೆಸುವುದು. ನಿಯಮ ಎಲ್ಲರಿಗೂ ಒಂದೇ ಎಂದಿದ್ದಾರೆ.

ಒಂದು ಕಾರ್ಡಾದರೂ ಹಾಕಿ.

ನೀಲಮ್ಮ


ದಾವಣಗೆರೆ
23 ನವೆಂಬರ್ 1956

ನೀಲಾ,

ನಿನ್ನ ಕಾಗದ ಬಂದು ಐವತ್ತು ದಿನ ದಾಟಿತು. ಆರೋಗ್ಯ ಚೆನ್ನಾಗಿದೆ. ಬರೆಯಲು ಕೂತು ಎದ್ದದ್ದಕ್ಕೆ ಲೆಕ್ಕವಿಲ್ಲ.

ಮೊದಲು ಡಾಕ್ಟರನ್ನು ನಂಬಲಿಲ್ಲ. ಚಿಕ್ಕ ವಯಸ್ಸಿನವನು, ಏನೋ ಹೇಳಿರುತ್ತಾನೆ ಎಂದುಕೊಂಡೆ. ಆಮೇಲೆ ನಿನ್ನ ಆ ವರ್ಷದ ಪುಸ್ತಕಗಳನ್ನು ನೆನಪಿಗೆ ತಂದುಕೊಂಡೆ. ನೋಡಿ ಬರೆದದ್ದರಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ. ಉಕ್ತಲೇಖನದಲ್ಲಿ ಎಸ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸರಿ. ಬೇರೆ ಮಕ್ಕಳು ಎಲ್ಲೆಂದರಲ್ಲಿ ತಪ್ಪುತ್ತಿದ್ದರು, ನೀನು ಒಂದೇ ಕಡೆ. ಅದು ನನ್ನ ಕಣ್ಣಿಗೆ ಆಗಲೇ ಬಿದ್ದಿತ್ತು. ಬಿದ್ದದ್ದರಿಂದಲೇ ಹಟ ಎಂದು ತೀರ್ಮಾನಿಸಿದೆ. ಎಲ್ಲ ಬರುವವಳು ಇದೊಂದನ್ನೇ ಯಾಕೆ ಬಿಡುತ್ತಾಳೆ, ನನ್ನನ್ನು ತರಗತಿಯ ಮುಂದೆ ಅವಮಾನಿಸಲಿಕ್ಕೆ ತಾನೆ ಎಂದು. ಯಾಕೆ ಎಂಬ ಪ್ರಶ್ನೆಯನ್ನು ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಿನ್ನ ಮಗಳು ಹೇಳಿದ ಹಾಗೆ ನೀನೂ ಹೇಳುತ್ತಿದ್ದೆ.

ಇನ್ನೊಂದು ಮಾತಿದೆ. ಇದನ್ನು ಬರೆಯಲಾಗದೆಯೇ ಇಷ್ಟು ದಿನ ತಡವಾದದ್ದು. ನಿನ್ನ ಅವ್ವ ಒಂದು ದಿನ ರೊಟ್ಟಿ ಬಡಿಸುತ್ತಾ, "ಏನ್ರೀ, ಹುಡುಗಿಗೆ ಸರಿಯಾಗಿ ಕೇಳಿಸಲ್ಲ ಅನ್ನಿಸ್ತದೆ. ವೈದ್ಯರಿಗೆ ತೋರಿಸೋಣೇನು?" ಎಂದಿದ್ದಳು. "ನನ್ನ ಮಗಳನ್ನ ಕಿವುಡಿ ಅಂತೀಯೇನು? ಇಂಗ್ಲಿಷ್ ಓದಿದವನು ನಾನೋ ನೀನೋ?" ಎಂದೆ. ಮತ್ತೆ ಅವಳು ಆ ಮಾತು ಎತ್ತಲಿಲ್ಲ. ಸಾಯುವವರೆಗೂ ಎತ್ತಲಿಲ್ಲ. ಅವಳು ಅಕ್ಷರ ಬಾರದವಳು. ಕಂಡದ್ದು ಅವಳಿಗೆ.

ಒಂದು ಪದ ಬರೆದು ಹೊಡೆದುಹಾಕಿದ್ದೇನೆ, ಮಸಿ ಕಾಣುತ್ತಿರಬಹುದು. ಆ ಪದ ಇದಕ್ಕೆ ಸಾಲದು.

ಗಂಗೆಗೆ ಹೀಗೆ ಹೇಳು. ಕಿವಿಯನ್ನು ಕಾಯಬಾರದು. ಮಾತಾಡುವ ಮೊದಲೇ ಕರ್ತೃ ಯಾರು ಎಂದು ನೋಡಬೇಕು. ಅವನು, ಅವಳು, ಅದು ಎಂದಾದರೆ, ಬೇರೆಯವರು ಹೇಳಿದ್ದು ಕೇಳಿಸಲಿ ಬಿಡಲಿ, ತಾನು ಎಸ್ ಇಡಬೇಕು. ಬಾಯಿಯ ಮುಂದೆ ಅಂಗೈ ಹಿಡಿದು ಹೇಳಿಸು. ಎಸ್ ಬಂದಾಗ ಹಲ್ಲಿನ ಸಂದಿಯಿಂದ ತಣ್ಣನೆಯ ಉಸಿರು ಕೈಗೆ ತಾಕುತ್ತದೆ. ಕೇಳದಿದ್ದರೂ ಅದು ಬಂತು ಎಂದು ಅವಳಿಗೆ ತಿಳಿಯುತ್ತದೆ. ಈ ಐವತ್ತು ದಿನ ನಾನು ಕನ್ನಡಿಯ ಮುಂದೆ ಕಿವಿಗೆ ಹತ್ತಿ ತುರುಕಿಕೊಂಡು ಇದನ್ನೇ ಮಾಡಿ ನೋಡುತ್ತಿದ್ದೆ.

ನಾನು ಬಂದು ನಾಲ್ಕು ದಿನ ಇದ್ದು ಕಲಿಸಿ ಹೋಗಲೇ? ಮುಂದಿನ ವಾರವೇ ಹೊರಡಬಲ್ಲೆ.

ನಿನ್ನ ತಂದೆ


ರಾಜಾಜಿನಗರ
3 ಡಿಸೆಂಬರ್ 1956

ಅಪ್ಪಾಜಿ,

ಕಾಗದವನ್ನು ಎಷ್ಟು ಸಲ ಓದಿದೆನೋ. ಅವ್ವನ ಮಾತು ಬಂದ ಕಡೆ ಮುಂದಕ್ಕೆ ಹೋಗಲಾಗದೆ ನಿಂತೆ.

ಈಗ ಬರಬೇಡಿ.

ನನಗೆ ಸಿಟ್ಟು ಬಂದಿದೆ. ಇಪ್ಪತ್ತು ವರ್ಷ ನನ್ನ ಮೇಲೆ ನನಗೇ ಇದ್ದ ಸಿಟ್ಟು ಅದು. ನಾನು ದಡ್ಡಿ, ಹಟಮಾರಿ ಎಂದು. ಈಗ ಅದು ನಿಮ್ಮ ಕಡೆ ತಿರುಗಿದೆ. ನೀವು ಎದುರಿಗೆ ಬಂದು ಕೂತರೆ ಕಾಲಿಗೆ ಬಿದ್ದು, ಕಾಫಿ ಕೊಟ್ಟು, ಏನೂ ಆಗಲಿಲ್ಲವೆಂಬಂತೆ ಇದ್ದುಬಿಡುತ್ತೇನೆ. ನಮ್ಮ ಮನೆಯಲ್ಲಿ ಅವ್ವ ಮಾಡಿದ್ದೂ ಅದನ್ನೇ. ನನಗೆ ಹಾಗೆ ಮಾಡಲು ಇಷ್ಟವಿಲ್ಲ. ಸ್ವಲ್ಪ ಕಾಲ ಸಿಟ್ಟಾಗಿ ಇರಲು ಬಿಡಿ.

ಆದರೆ ಗಂಗೆಗೆ ಬರೆಯುತ್ತಿರಿ. ಅಂಗೈಯ ಉಪಾಯ ಅವಳಿಗೆ ಹಿಡಿಸಿದೆ. ನಿನ್ನೆ ಅಂಗೈಯನ್ನು ನನ್ನ ಬಾಯಿಯ ಮುಂದೆಯೂ ಹಿಡಿದು, "ಹೇಳಮ್ಮಾ, ಗೋಸ್" ಎಂದಳು. ಹೇಳಿದೆ. "ಬಂತು ಕಣಮ್ಮಾ!" ಎಂದು ಕುಣಿದಳು.

ನೀಲ


ದಾವಣಗೆರೆ
6 ಜನವರಿ 1957

ಚಿರಂಜೀವಿ ಗಂಗೆಗೆ ಅಜ್ಜನ ಮುದ್ದು.

ನಿನ್ನ ಹತ್ತು ವಾಕ್ಯಗಳು ಬಂದವು. ಎಂಟು ಸರಿ. ತಪ್ಪಿದ ಎರಡೂ 'ಇಲ್ಲ' ಎನ್ನುವ ವಾಕ್ಯಗಳು. ಅದು ನಿನ್ನ ತಪ್ಪಲ್ಲ, ನಾನು ಹೇಳಿಕೊಟ್ಟಿರಲಿಲ್ಲ.

ಇಲ್ಲ ಎನ್ನುವಾಗಲೂ ಪ್ರಶ್ನೆ ಕೇಳುವಾಗಲೂ 'ಡೂ' ಎಂಬ ಪುಟ್ಟ ಪದವೊಂದು ಸಹಾಯಕ್ಕೆ ಬರುತ್ತದೆ. ಹಾಗೆ ಬಂದಾಗ ಎಸ್ ತನ್ನ ಮನೆ ಬಿಟ್ಟು ಅದರ ಮನೆಗೆ ಹೋಗುತ್ತದೆ, 'ಡೂ' ಎಂಬುದು 'ಡಸ್' ಆಗುತ್ತದೆ. 'ಹೀ ಗೋಸ್', ಆದರೆ 'ಹೀ ಡಸ್ ನಾಟ್ ಗೋ.' ಎರಡೂ ಮನೆಯಲ್ಲಿ ಏಕಕಾಲಕ್ಕೆ ಇರಲಾರದು. ಇರುವುದು ಒಂದೇ ಎಸ್.

ಮುಂದಿನ ಸಲ ನಿಮ್ಮ ಮನೆಯಲ್ಲಿ ದಿನವೂ ನಡೆಯುವುದನ್ನು ಬರೆ. ಯಾರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಎಂದು. ಯಾರಾದರೂ ಹೇಳಿದ್ದು ಕೇಳಿಸದಿದ್ದರೆ 'ಇನ್ನೊಮ್ಮೆ ಹೇಳಿ' ಎಂದು ನೀನೇ ಕೇಳು. ಕೇಳುವುದಕ್ಕೆ ನಾಚಬೇಡ. ಹೇಳಿಕೊಡುವವರ ಕೆಲಸವೇ ಅದು.

ಅಮ್ಮನಿಗೆ ಈ ಕಾಗದ ತೋರಿಸು.

ಅಜ್ಜ


ರಾಜಾಜಿನಗರ
14 ಏಪ್ರಿಲ್ 1957

ಅಪ್ಪಾಜಿಯವರಿಗೆ ಶರಣು.

ಗಂಗೆ ಪಾಸಾದಳು. ಬರವಣಿಗೆಯಲ್ಲಿ ತರಗತಿಗೆ ಎರಡನೆಯವಳು. ಮಾತಿನ ಪರೀಕ್ಷೆಯಲ್ಲಿ ಹೆಡ್‌ಮಿಸ್ಟ್ರೆಸ್ ತಲೆ ಬಗ್ಗಿಸಿ, ಹಾಳೆ ನೋಡುತ್ತಾ ಪ್ರಶ್ನೆ ಕೇಳಿದರಂತೆ. ಇವಳು, "ಮೇಡಂ, ನಿಮ್ಮ ಬಾಯಿ ಕಾಣ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?" ಎಂದಳಂತೆ. ಆಕೆ ತಲೆಯೆತ್ತಿ ಮತ್ತೆ ಕೇಳಿದರು, ಮನೆಯ ಬಗ್ಗೆ ಹೇಳು ಎಂದು. ಗಂಗೆ, ತಂದೆ ಕಾರ್ಖಾನೆಗೆ ಹೋಗುತ್ತಾನೆ, ತಾಯಿ ಅಡುಗೆ ಮಾಡುತ್ತಾಳೆ, ಅಜ್ಜ ಕಾಗದ ಬರೆಯುತ್ತಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳಂತೆ. ಎರಡು ಕಡೆ ಎಸ್ ಬಿಟ್ಟಿದ್ದಾಳೆ. ಬಿಟ್ಟದ್ದು ಅವಳಿಗೆ ಗೊತ್ತಿಲ್ಲ. ಇನ್ನು ಮುಂದೆಯೂ ಅಲ್ಲೊಂದು ಇಲ್ಲೊಂದು ಬಿಡುತ್ತಾಳೆ. ಇರಲಿ. ಸ್ಕೂಲು ಬಿಡಿಸುವ ಮಾತನ್ನು ಇವರು ಈಗ ಎತ್ತುತ್ತಿಲ್ಲ.

ನನ್ನದೂ ಒಂದು ಸುದ್ದಿ ಇದೆ. ಇಲ್ಲಿ ಮಹಿಳಾ ಸಮಾಜದವರು ಮಧ್ಯಾಹ್ನ ಹೆಂಗಸರಿಗೆ ಇಂಗ್ಲಿಷ್ ತರಗತಿ ಶುರುಮಾಡಿದ್ದಾರೆ. ಫೆಬ್ರವರಿಯಿಂದ ಹೋಗುತ್ತಿದ್ದೇನೆ. ನಿಮಗೆ ತಿಳಿಸಿರಲಿಲ್ಲ. ಮೊದಲನೆಯ ದಿನವೇ ಅದೇ ಪಾಠ, ಅದೇ ವಾಕ್ಯ. ಹೇಳಿಕೊಡುವಾಕೆ ಒಬ್ಬೊಬ್ಬರನ್ನೇ ಎಬ್ಬಿಸಿ ಹೇಳಿಸುತ್ತಿದ್ದರು. ನನ್ನ ಸರದಿ ಬಂತು. ಎದ್ದು ನಿಂತೆ. ಇಪ್ಪತ್ತು ಹೆಂಗಸರು ತಿರುಗಿ ನೋಡಿದರು. "ಮೇಡಂ, ನನಗೆ ಆ ಸದ್ದು ಕೇಳಿಸಲ್ಲ. ಹುಟ್ಟಿದಾಗಿಂದ ಕೇಳಿಸಲ್ಲ. ಬೋರ್ಡ್ ಮೇಲೆ ಬರೀರಿ, ಹೇಳ್ತೀನಿ" ಎಂದೆ. ಅಷ್ಟೇ ಮಾತು, ಅಪ್ಪಾಜಿ. ಆಕೆ ಬರೆದರು. ನಾನು ಓದಿದೆ. ಸರಿಯಾಗಿದೆ ಎಂದರು, ಕೂತೆ.

ಮನೆಗೆ ಬಂದು ಅವ್ವನನ್ನು ನೆನೆದುಕೊಂಡೆ. ಆಮೇಲೆ ನಿಮ್ಮನ್ನು. ಅವತ್ತು ಸಿಟ್ಟು ಹುಡುಕಿದೆ, ಇತ್ತು, ಮೊದಲಿನಷ್ಟು ಇರಲಿಲ್ಲ. ಪೂರಾ ಹೋಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಹೋಗುವವರೆಗೂ ಕಾಯುವಷ್ಟು ವಯಸ್ಸು ನಿಮಗಿಲ್ಲ.

ಬನ್ನಿ. ಮೇ ತಿಂಗಳಲ್ಲಿ ಗಂಗೆಗೆ ರಜೆ. ನಾಲ್ಕು ದಿನವಲ್ಲ, ತಿಂಗಳು ಪೂರ್ತಿ ಇರಿ. ಸ್ಟೇಷನ್ನಿನಿಂದ ರಾಜಾಜಿನಗರದ ಬಸ್ಸು ಹಿಡಿದು ಕೊನೆಯ ಸ್ಟಾಪಿನಲ್ಲಿ ಇಳಿದು, ಕುರುಬರಹಳ್ಳಿಯ ಕಡೆಗೆ ಮುಖ ಮಾಡಿ ನಡೆದರೆ ಎಡಗಡೆ ಆರನೆಯ ಮನೆ. ಇವರು ಮೊನ್ನೆ ಬಾಗಿಲಿಗೆ ಹೊಸದಾಗಿ ಒಂದು ಸಣ್ಣ ಗಂಟೆ ಕಟ್ಟಿದ್ದಾರೆ. ಅದನ್ನು ಬಾರಿಸಿ ಕಾಯುತ್ತಾ ನಿಲ್ಲಬೇಡಿ. ಮನೆಯಲ್ಲಿ ನಾನೂ ಗಂಗೆಯೂ ಮಾತ್ರ ಇದ್ದರೆ ಯಾರೂ ಬರುವುದಿಲ್ಲ. ಕೈಯಿಂದ ಬಾಗಿಲು ತಟ್ಟಿ. ಅದು ಕೇಳಿಸುತ್ತದೆ.

ನಿಮ್ಮ ಮಗಳು,
ನೀಲ